ಲೆತಾಯಜ್ಜಿಯ ಸಾಕ್ಷ್ಯ

ಮತ್ತೊಂದು ಲಾರಿ, ಹಿಂದಿನ ಟಾರ್ಪಾಲು ಬಿಚ್ಚಿಕೊಂಡು ಪಟಪಟ ಬಡಿಯುತ್ತಿದೆ, ಒಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಸೈನಿಕರು, ಒಬ್ಬನ ಬಾಯಲ್ಲಿ ಹಲ್ಲುಜ್ಜುವ ಕಡ್ಡಿ, ನಮ್ಮ ಜೀಪಿನ ಕಡೆ ನೋಡಿ ಕೈ ಎತ್ತಿದ, ನಾನೂ ಎತ್ತಿದೆ, ಎತ್ತಿದ ಕೈಯನ್ನು ಆಮೇಲೆ ಏನು ಮಾಡಬೇಕೆಂದು ತೋಚದೆ ಕನ್ನಡಕ ಸರಿಮಾಡಿಕೊಂಡೆ — ಅಡಿಗ್ರಾತ್ ದಾಟಿ ಮುಕ್ಕಾಲು ಗಂಟೆಯಾಯಿತು, ತುಂಬಿದ ಲಾರಿಗಳೆಲ್ಲ ನಮ್ಮಂತೆಯೇ ಉತ್ತರಕ್ಕೆ, ಖಾಲಿಯಾದವು ಮಾತ್ರ ದಕ್ಷಿಣಕ್ಕೆ, ಡ್ರೈವರನ ರೇಡಿಯೋ ಬೆಳಗಿನಿಂದ ಅದನ್ನೇ ಹೇಳುತ್ತಿದೆ, ಶಾಂತಿ ಮಾತುಕತೆ ಮುರಿದುಬಿದ್ದಿದೆ, ಮುರಿದವರು ಎರಿಟ್ರಿಯಾದವರು, ಗುಡ್ಡದ ತಿರುವಿನಲ್ಲಿ ಅಲೆ ತಪ್ಪಿ ಆಚೆಯ ರೇಡಿಯೋ ನುಗ್ಗುತ್ತದೆ, ಮಾತುಕತೆ ಮುರಿದುಬಿದ್ದಿದೆ, ಮುರಿದವರು ಇಥಿಯೋಪಿಯಾದವರು, ಎರಡೂ ನಮ್ಮ ತಿಗ್ರಿನ್ಯಾದಲ್ಲೇ, ಒಂದೇ ಮಾತು, ಒಂದೇ ರಾಗ, ಒಂದು ಪದ ಬದಲಾಯಿಸಿದರೆ ಮುಗಿಯಿತು — ಪಕ್ಕದಲ್ಲಿ, ನಾನು ಊರಿಗೆ ಬಿಟ್ಟುಬರಲು ಹೊರಟ ಲೆತಾಯಜ್ಜಿ ಹುರಿದ ಬಾರ್ಲಿ ಅಗಿಯುತ್ತಿದ್ದಾಳೆ, ಇರುವ ನಾಲ್ಕೈದು ಹಲ್ಲಿನಲ್ಲಿ ಎಷ್ಟು ಸಮಾಧಾನವಾಗಿ, ತಿನ್ನು ಮೇಷ್ಟ್ರೇ, ವಿಮಾನದಲ್ಲಿ ಕೊಟ್ರಲ್ಲ ಬೆಳ್ಳಿ ಕಾಗ್ದದಲ್ಲಿ ಸುತ್ತಿದ್ದು, ಅದನ್ನ ತಿಂಡಿ ಅಂತಾರಾ, ನಾನು ಸಾಬೂನು ಅನ್ಕೊಂಡು ಕೈ ತೊಳೆಯೋಕೆ ಹೋಗಿದ್ದೆ. ನಕ್ಕೆ, ಹನ್ನೊಂದು ದಿನದಲ್ಲಿ ಮೊದಲ ಸಲ ಹೊಟ್ಟೆಯಿಂದ ನಗು ಬಂತು, ಅವಳು ನಗಲಿಲ್ಲ, ಕಿಟಕಿಯಾಚೆ ಪಾಪಾಸುಕಳ್ಳಿಯ ಬೇಲಿಗಳನ್ನು ನೋಡುತ್ತಿದ್ದಾಳೆ, ಜೀಪು ನಿಧಾನವಾದಾಗಲೆಲ್ಲ ಡ್ರೈವರನ ಭುಜ ತಟ್ಟುತ್ತಾಳೆ.

ಇವಳನ್ನು ಮಾತುಕತೆಗೆ ಕರೆದೊಯ್ದದ್ದು ನಾವೇ, ಬೆರ್ಹೆಯವರ ಯೋಚನೆ ಅದು, ನಮ್ಮ ಇಥಿಯೋಪಿಯಾ ನಿಯೋಗದ ಉಪಮುಖ್ಯಸ್ಥರು, ಹೋದ ವರ್ಷದ ಕಾಳಗದಲ್ಲಿ ತಮ್ಮನನ್ನು ಕಳೆದುಕೊಂಡವರು, ದುಭಾಷಿಯಾದ ನನಗೆ ಅಂದರು, ನಕ್ಷೆಗಳನ್ನು ಯಾರು ನಂಬುತ್ತಾರೆ ಕಹ್ಸಾಯ್, ಅವರ ಹತ್ರ ಒಂದು ಇಟಲಿ ಕಾಲದ ನಕ್ಷೆ ಇದ್ರೆ ನಮ್ಮ ಹತ್ರ ಇನ್ನೊಂದು, ಹೊಲ ಉತ್ತ ಮನುಷ್ಯರನ್ನ ಕರ್ಕೊಂಡು ಹೋಗೋಣ, ಮಧ್ಯಸ್ಥರು ಕಿವಿಯಾರೆ ಕೇಳ್ಲಿ. ಹಾಗೆ ಅವರು ಗಡಿಯ ಊರಿನಿಂದ ಇವಳನ್ನು ಹುಡುಕಿ ತಂದರು, ಎಪ್ಪತ್ತು ಮನೆಗಳ ಊರು, ಪಕ್ಕದಲ್ಲೊಂದು ಹಳ್ಳ, ಹಳ್ಳದ ಆಚೆ ಎರಡು ಗುಡ್ಡ, ನಾಲ್ಕು ಹೊಲ, ಆ ಎರಡು ಗುಡ್ಡಕ್ಕಾಗಿ ಎರಡು ವರ್ಷದಿಂದ ಎಷ್ಟು ಜನ ಎಂದು ನಾನು ಕೇಳಿಕೊಳ್ಳುವುದಿಲ್ಲ, ಅಡಿಗ್ರಾತಿನ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸಿದವರಲ್ಲೇ — ಬೇಡ. ಮಾತುಕತೆಗೆ ಮೂರನೇ ದೇಶದ ಹೋಟೆಲು, ಸಮುದ್ರಕ್ಕೆ ಮುಖ, ನಾವು ಎಡಗಡೆಯ ಕೋಣೆಯಲ್ಲಿ, ಅವರು ಬಲಗಡೆಯಲ್ಲಿ, ನಡುವೆ ಕೆಂಪು ಜಮಖಾನೆಯ ಓಣಿ, ಮಧ್ಯಸ್ಥರು ಬಿಳಿಗೂದಲಿನ ನಿವೃತ್ತ ನ್ಯಾಯಾಧೀಶರು, ಕಾಗದ ಹಿಡಿದು ಆ ಓಣಿಯಲ್ಲಿ ಅತ್ತಿಂದಿತ್ತ ನಡೆದು ನಡೆದು ಅವರ ಬೂಟಿನ ಸದ್ದೇ ನನಗೆ ಬಾಯಿಪಾಠವಾಗಿಹೋಗಿತ್ತು, ಬರುವಾಗ ಜೋರು, ಹೋಗುವಾಗ ಮೆಲ್ಲಗೆ. ನಾವು ಹೇಳುತ್ತಿದ್ದದ್ದು, ಮೊದಲು ಅವರು ಹಿಡಿದ ನೆಲ ಬಿಟ್ಟು ಹೋಗಲಿ, ಆಮೇಲೆ ಕದನವಿರಾಮ. ಅವರು ಹೇಳುತ್ತಿದ್ದದ್ದು, ಮೊದಲು ಕದನವಿರಾಮ, ಆಮೇಲೆ ನೋಡೋಣ. ಮೊದಲು, ಆಮೇಲೆ, ಈ ಎರಡು ಪದಗಳನ್ನು ಎಷ್ಟು ಸಲ ಇಂಗ್ಲಿಷಿಗೆ ಹೊತ್ತೆನೋ, ನೀರು ಹೊರುವ ಕತ್ತೆಯ ಹಾಗೆ, ಮತ್ತು ಆ ಹನ್ನೊಂದು ದಿನವೂ ಲೆತಾಯಜ್ಜಿ ಓಣಿಯ ಕುರ್ಚಿಯಲ್ಲಿ, ಬಿಳಿ ಹತ್ತಿಯ ಶಾಲು ತಲೆಯ ಮೇಲೆ, ಕಾಲು ನೆಲ ಮುಟ್ಟುತ್ತಿರಲಿಲ್ಲ, ಹೋಗಿಬರುವ ದೊಡ್ಡಮನುಷ್ಯರಿಗೆಲ್ಲ ಚೆನ್ನಾಗಿದ್ದೀಯಾ ಮಗಾ ಎನ್ನುತ್ತ, ನಮ್ಮವರಿಗೂ, ಅವರಿಗೂ, ನಮ್ಮ ಹುಡುಗಿಯೊಬ್ಬಳು ಅಜ್ಜಿ ಅವರು ಶತ್ರುಗಳು ಅಂದದ್ದಕ್ಕೆ, ಗೊತ್ತಮ್ಮಾ, ಆದ್ರೂ ಕೆಮ್ತಾ ಇದಾನಲ್ಲ ಪಾಪ.

ಒಂಬತ್ತನೆಯ ದಿನ ಅವಳನ್ನು ಕರೆದರು, ಅಂದು ಮಾತ್ರ ಎರಡೂ ಕಡೆಯವರು ಒಂದೇ ಕೋಣೆಯಲ್ಲಿ, ಉದ್ದ ಮೇಜು, ನೀರಿನ ಲೋಟಗಳ ಮೇಲೆ ಕಾಗದದ ಮುಚ್ಚಳ, ಅವಳು ಒಳಗೆ ಬಂದಳು, ಆಗ ಆಚೆಯ ನಿಯೋಗದ ಮುಖ್ಯಸ್ಥ, ಒಂಬತ್ತು ದಿನ ನಮ್ಮ ಕೈ ಕುಲುಕದ ಮನುಷ್ಯ, ತಾನೇ ಅರಿಯದಂತೆ ಎದ್ದು ನಿಂತ, ಅವನು ನಿಂತದ್ದನ್ನು ನೋಡಿ ನಮ್ಮವರೂ ನಿಂತರು, ಹಿರಿಯಳು ಬಂದರೆ ನಿಲ್ಲದ ಮಕ್ಕಳನ್ನು ಆ ಬೆಟ್ಟಗಳಲ್ಲಿ ಯಾರೂ ಬೆಳೆಸಿಲ್ಲ, ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದಳು ತನ್ನ ಮನೆಯೇ ಅನ್ನುವ ಹಾಗೆ. ನ್ಯಾಯಾಧೀಶರು ಕೇಳಿದರು, ತಾಯಿ, ಹಳ್ಳದ ಆಚೆಯ ಹೊಲವನ್ನು ಯಾರು ಉಳುತ್ತಿದ್ದರು. ನಾವೇ, ಎಂದಳು. ಇಪ್ಪತ್ತೆರಡು ವರ್ಷ, ನನ್ನ ಗಂಡ ವೆಲ್ದು ಸಾಯೋ ತನಕ ಅವನು, ಆಮೇಲೆ ನಾನು. ಬೆರ್ಹೆಯವರ ಮುಖದಲ್ಲಿ ದೀಪ ಹತ್ತಿತು, ನಾನು ಅನುವಾದಿಸಿದೆ, ನ್ಯಾಯಾಧೀಶರ ಪೆನ್ನು ಓಡಿತು — ಅವಳು ಉಸಿರು ತೆಗೆದುಕೊಂಡಳು, ಮುಗಿದಿರಲಿಲ್ಲ. ಆದ್ರೆ ಹೊಲ ನಮ್ದಲ್ಲ. ಅದು ಆಚೆ ಊರಿನ ಹದ್ಗು ಅನ್ನೋನ್ದು, ಅವರಪ್ಪನ ಕಾಲದಿಂದ ಅವರ್ದೇ. ಬರಗಾಲದಲ್ಲಿ ಅವನ ಎತ್ತು ಎರಡೂ ಸತ್ವು, ನಮ್ಮವು ಉಳ್ಕೊಂಡ್ವು, ನೀವೇ ಉತ್ಕೊಳ್ಳಿ ಅಂದ, ಉತ್ವಿ. ಹೊಲ ಅವನದ್ದು, ಬೆವರು ನಮ್ದು. ಆ ಕಡೆ ಗುಡ್ಡನೂ ಅವರ್ದೇ, ಈ ಕಡೆ ಬಾವಿ ನಮ್ದು, ಅದನ್ನ ಅವರು ತಮ್ದು ಅಂತಾರಂತೆ, ಅದೂ ಸುಳ್ಳು, ಅದನ್ನ ತೋಡಿದ್ದು ನನ್ನ ಮಾವ, ಬೇಕಾದ್ರೆ ಹದ್ಗುನ ಕರೆದು ಕೇಳಿ, ಅವನು ಕುಡುಕ, ಆದ್ರೆ ಸುಳ್ಳು ಹೇಳಲ್ಲ.

ನಾನು ಬಾಯಿ ತೆರೆದೆ, ಮೇಜಿನ ಕೆಳಗೆ ಬೆರ್ಹೆಯವರ ಕೈ ನನ್ನ ಮೊಣಕಾಲ ಮೇಲೆ, ಅರ್ಧ ಸಾಕು ಕಹ್ಸಾಯ್, ಹೇಳಿದ್ದೀಯಲ್ಲ, ಅಷ್ಟೇ ಸಾಕು, ಬಾವಿದು ಹೇಳು, ಉಳಿದಿದ್ದು ವಯಸ್ಸಾದವರ ಮಾತು. ಅವರ ತಮ್ಮನ ಫೋಟೋ ಅಂಗಿಯ ಜೇಬಿನಲ್ಲಿ, ಅದರ ಚೂಪು ಮೂಲೆ ಬಟ್ಟೆಯನ್ನು ಒತ್ತುತ್ತಿತ್ತು, ಅದು ನನಗೆ ಕಾಣುತ್ತಿತ್ತು, ಅರ್ಧ ಅನ್ನುವುದು ಸುಳ್ಳಲ್ಲ ಎಂದುಕೊಂಡೆ, ಅರ್ಧ ಅನ್ನುವುದು ಸಂಕ್ಷೇಪ — ಲೋಟದ ಕಾಗದದ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ, ಆಚೆಯವರಿಗೆ ತಿಗ್ರಿನ್ಯಾ ಬರುತ್ತದೆ, ಆದರೆ ಉಳಿದದ್ದನ್ನು ಹೇಳು ಎಂದು ಅವರೂ ಅನ್ನಲಿಲ್ಲ, ಬಾವಿಯ ಮಾತು ಅವರಿಗೆ ಬೇಕಿರಲಿಲ್ಲ, ಅವರೂ ತಮ್ಮ ಅರ್ಧಕ್ಕೆ ಕಾಯುತ್ತಿದ್ದರು, ಇಡೀ ಕೋಣೆಯಲ್ಲಿ ಪೂರ್ತಿ ಬೇಕಾದವಳು ಅವಳೊಬ್ಬಳೇ, ತಿರುಗಿ ನನ್ನನ್ನು ನೋಡಿ, ಏನು ಮೇಷ್ಟ್ರೇ, ಉದ್ದ ಆಯ್ತಾ, ಇನ್ನೊಂದ್ಸಲ ಹೇಳ್ಲಾ. ತಗ್ಗಿದ ಮೃದು ದನಿ, ಕೊಂಕಿಲ್ಲ, ಕಷ್ಟದ ಲೆಕ್ಕಕ್ಕೆ ಸಿಕ್ಕಿಬಿದ್ದ ಹುಡುಗನಿಗೆ ನಾನು ಹೇಳುತ್ತಿದ್ದೆನಲ್ಲ ಹಾಗೆ, ಆ ಹೊಲ ಹೋದರೆ ಅವಳಿಗೆ ಉಳಿಯುವುದು ಮನೆಯ ಹಿಂದಿನ ಕಲ್ಲು ತುಂಬಿದ ತುಂಡುನೆಲ ಮಾತ್ರ ಎಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲವೇ, ಹೇಳಿದೆ, ಒಂದೊಂದು ಪದ, ಎತ್ತು, ಬೆವರು, ಕುಡುಕ ಹದ್ಗು, ಎಲ್ಲ. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಸಂಜೆ ಲಿಫ್ಟಿನಲ್ಲಿ ಬೆರ್ಹೆಯವರೂ ನಾನೂ ಇಬ್ಬರೇ, ಐದನೆಯ ಮಹಡಿಯಲ್ಲಿ ಅವರು ಅಂದರು, ನಮ್ಮಮ್ಮ ಇದ್ದಿದ್ರೂ ಹಿಂಗೇ ಹೇಳ್ತಿದ್ಲು, ಅದಕ್ಕೇ ಊರಲ್ಲಿ ಬೇರೆಯವರ ಅಮ್ಮನ್ನ ಹುಡುಕಿದೆ. ಬಾಗಿಲು ತೆರೆಯಿತು, ಇದು ಮುಗಿದ್ಮೇಲೆ ಮತ್ತೆ ನಿನ್ನ ಕರೆಯಲ್ಲ ಕಹ್ಸಾಯ್, ಬೇಜಾರು ಮಾಡ್ಕೋಬೇಡ. ಮತ್ತೆ ಎರಡು ದಿನ, ಮೊದಲು, ಆಮೇಲೆ, ಮೊದಲು, ಆಮೇಲೆ, ಕೊನೆಗೆ ಬೂಟಿನ ಸದ್ದು ನಮ್ಮ ಬಾಗಿಲಿಗೆ ಬರಲೇ ಇಲ್ಲ, ಅವಳ ಮಾತು ಯಾವ ಕಾಗದಕ್ಕೂ ಏರಲಿಲ್ಲ, ವಿಮಾನ ನಿಲ್ದಾಣದಲ್ಲಿ ಬೆರ್ಹೆಯವರು ಅವಳ ಗಂಟನ್ನು ತಾವೇ ಹೊತ್ತರು, ಯಾರಿಗೂ ಕೊಡಲಿಲ್ಲ, ಮಕ್ಕಳಿದ್ದಾರಾ ನಿಂಗೆ ಎಂದು ಅವಳು ಕೇಳಿದ್ದಕ್ಕೆ ತಲೆಯಾಡಿಸಿದರು, ಹೌದೆಂದೋ ಇಲ್ಲವೆಂದೋ.

ಬ್ರೇಕು. ರಸ್ತೆಗೆ ಅಡ್ಡ ಮರದ ದಿಮ್ಮಿ, ಮರಳಿನ ಚೀಲ, ನಮ್ಮ ಸೈನ್ಯದ ಲೆಫ್ಟಿನೆಂಟು ಬಾಗಿ ಒಳಗೆ ನೋಡುತ್ತಾನೆ, ದಕ್ಷಿಣದವನು, ತಿಗ್ರಿನ್ಯಾ ಬಾರದು, ಅಮ್ಹಾರಿಕ್‌ನಲ್ಲಿ, ಊರು ಖಾಲಿ ಮಾಡ್ಸಿದೀವಿ, ಎಲ್ರೂ ಕ್ಯಾಂಪಿಗೆ ಹೋದ್ರು, ಗಾಡಿ ತಿರುಗ್ಸಿ. ನಾನು ಅಜ್ಜಿಗೆ ಹೇಳಿದೆ, ಅವಳು ಆಗಲೇ ಬಾಗಿಲು ತೆಗೆದು ಇಳಿದಿದ್ದಾಳೆ, ಪ್ಲಾಸ್ಟಿಕ್ ಚಪ್ಪಲಿ, ಅಷ್ಟು ಸಣ್ಣ ಪಾದ, ನೀನು ಹೇಳು ಮೇಷ್ಟ್ರೇ ಇವನಿಗೆ, ನನ್ನ ಮಗಳು ತಿರ್ಹಾಸ್‌ನ ಆಚೆ ಊರಿಗೆ ಕೊಟ್ಟಿದೀನಿ, ಯುದ್ಧ ಶುರುವಾದ್ಮೇಲೆ ಮುಖ ನೋಡಿಲ್ಲ, ದಿನಾ ಬೆಳಿಗ್ಗೆ ನಾನು ನನ್ನ ಅಂಗಳದ ಗೋಡೆ ಮೇಲೆ ಎಣ್ಣೆ ಕ್ಯಾನು ಇಡ್ತೀನಿ, ಹಳದಿದು, ಅವಳು ಅವಳ ಗೋಡೆ ಮೇಲೆ ಇಡ್ತಾಳೆ, ಅಷ್ಟೇ, ಇದೆ ಅಂದ್ರೆ ಬದುಕಿದೀವಿ ಅಂತ, ಈಗ ಹನ್ನೆರಡು ದಿನ ನನ್ನ ಗೋಡೆ ಖಾಲಿ, ನಾನು ಸತ್ತೆ ಅನ್ಕೊಂಡಿರ್ತಾಳೆ. ಇದನ್ನು ಹೋಟೆಲಿನಲ್ಲಿ ಒಂದು ದಿನವೂ ಹೇಳಲಿಲ್ಲ, ಆ ಕುರ್ಚಿಯಲ್ಲಿ ಕೂತು ಎಲ್ಲರ ಕೆಮ್ಮು ವಿಚಾರಿಸುತ್ತ ಇದನ್ನು ಒಳಗೇ ಇಟ್ಟುಕೊಂಡಿದ್ದಳು, ಮತ್ತು ಮಗಳು ಇರುವ ಊರಿನ ಹೊಲದ ಬಗ್ಗೆ ಕೇಳಿದಾಗಲೂ — ಏನಂತೆ ಅವಳದು, ಎನ್ನುತ್ತಾನೆ ಲೆಫ್ಟಿನೆಂಟು, ಬೆರಳು ಬಂದೂಕಿನ ಪಟ್ಟಿಯ ಮೇಲೆ, ಶತ್ರುವಿಗೆ ಗೋಡೆಯ ಮೇಲೆ ಗುರುತು ಇಡುವವಳೆಂದು ಹೇಳಿದರೆ ಇವಳನ್ನು ಎಲ್ಲಿಗೆ ಒಯ್ಯುತ್ತಾರೆಂದು ನನಗೆ ಗೊತ್ತು, ನೀರಿನ ಕ್ಯಾನು ಮರೆತಿದ್ದಾಳಂತೆ, ಎಂದೆ, ಕ್ಯಾಂಪಿನಲ್ಲಿ ಬೇಕಾಗುತ್ತದಂತೆ. ಅವನು ಗಡಿಯಾರ ನೋಡಿದ, ಹತ್ತು ನಿಮಿಷ, ಬಗ್ಗಿ ನಡೀರಿ, ಆಚೆಯವರಿಗೆ ಕಾಣುತ್ತೆ. ಪೂರ್ತಿ ಹೇಳಿದ್ಯಾ, ಎಂದಳು ನಡೆಯುತ್ತ. ಅರ್ಧ, ಎಂದೆ. ಕ್ಷಣ ನಿಂತು ನನ್ನನ್ನು ನೋಡಿದಳು, ಆ ಹುಡುಗನ ಮೀಸೆ ನೋಡಿದ್ಯಾ, ಇನ್ನೂ ನೆಟ್ಟಗೆ ಬಂದಿಲ್ಲ, ಪೂರ್ತಿ ಹೊರೋ ಶಕ್ತಿ ಅವನಿಗಿಲ್ಲ ಬಿಡು.

ಅವಳು ಬಗ್ಗಲಿಲ್ಲ, ನಾನು ಬಗ್ಗಿ ನಡೆದೆ, ನಾಚಿಕೆಯಾದರೂ ಬಗ್ಗಿಯೇ ನಡೆದೆ, ಖಾಲಿ ಊರು, ಒಂದು ಕೋಳಿ, ತೆರೆದ ಬಾಗಿಲುಗಳು, ಅವಳ ಮನೆಯ ಛಾವಣಿಯ ಒಂದು ಮೂಲೆ ಕುಸಿದಿತ್ತು, ಅತ್ತ ನೋಡಲೂ ಇಲ್ಲ, ಮೂಲೆಯಲ್ಲಿ ಮಗುಚಿಟ್ಟ ಕ್ಯಾನನ್ನು ಎತ್ತಿ ಶಾಲಿನ ಅಂಚಿನಿಂದ ಒರೆಸಿದಳು, ಮದುವೆಗೆ ಹೋಗುವ ಮಗುವಿನ ಮುಖ ಒರೆಸುವ ಹಾಗೆ, ಅಂಗಳಕ್ಕೆ ಬಂದು ಎದೆಯೆತ್ತರದ ಕಲ್ಲುಗೋಡೆಯ ಮೇಲೆ ಇಟ್ಟಳು, ಉರುಳದಂತೆ ಎರಡು ಕಲ್ಲು ಕೊಟ್ಟಳು, ಇದು ಇಲ್ಲೇ ಇರ್ಲಿ, ಇದು ಇರೋ ತನಕ ನಾನಿದೀನಿ ಅನ್ಕೋತಾಳೆ. ಆಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ಆಚೆ ನೋಡಿದಳು, ನಾನೂ ನೋಡಿದೆ, ಒಣಹಳ್ಳ, ಉತ್ತಿಲ್ಲದ ಹದ್ಗುವಿನ ಹೊಲ, ಅದರಾಚೆ ಇಳಿಜಾರು, ಮನೆಗಳ ಕಲ್ಲುಗೋಡೆ, ನನಗೇನೂ ಕಾಣಲಿಲ್ಲ, ಅವಳ ಕೈ ನನ್ನ ತೋಳು ಹಿಡಿಯಿತು, ಆ ಹಿಡಿತ ಇನ್ನೂ ಇದೆ, ಅಲ್ಲಿ ನೋಡು ಮೇಷ್ಟ್ರೇ, ಕಳ್ಳಿ ಪಕ್ಕ, ಎರಡಿದಾವಾ, ನಂಗೆ ಎರಡು ಕಾಣ್ತಾ ಇದೆ, ನನ್ನ ಕಣ್ಣಾ ಅದು. ಕನ್ನಡಕ ಒರೆಸಿಕೊಂಡೆ. ಎರಡಿದ್ದವು. ಹಳದಿ ಕ್ಯಾನು ಒಂದು, ಪಕ್ಕದಲ್ಲಿ ಅದರ ಕಾಲುಭಾಗದಷ್ಟು ಇನ್ನೊಂದು, ಅದೂ ಹಳದಿ. ಹನ್ನೆರಡು ದಿನದ ಹಿಂದೆ ಒಂದೇ ಇತ್ತು, ಎಂದಳು, ಹೆತ್ತಿದ್ದಾಳೆ, ನನ್ನ ತಿರ್ಹಾಸ್ ಹೆತ್ತಿದ್ದಾಳೆ, ಮತ್ತೆ ಅಲ್ಲಿಯೇ, ಕುಸಿದ ಛಾವಣಿಯ ಮುಂದೆ, ನಾಲಿಗೆ ಹೊರಳಿಸಿ ಮಗು ಹುಟ್ಟಿದಾಗ ನಮ್ಮ ಹೆಂಗಸರು ಹಾಕುವ ಕೂಗು ಹಾಕಿದಳು, ಗಂಡಾದರೆ ಏಳು, ಹೆಣ್ಣಾದರೆ ಮೂರು, ಯಾವುದೆಂದು ಗೊತ್ತಿಲ್ಲದೆ ಐದಕ್ಕೆ ನಿಲ್ಲಿಸಿದಳು. ಎರಡೂ ಕಡೆಯ ಕಂದಕಗಳಿಂದ ಯಾರೂ ಗುಂಡು ಹಾರಿಸಲಿಲ್ಲ.

ಕ್ಯಾನು ಎಲ್ಲಿ, ಎಂದ ಲೆಫ್ಟಿನೆಂಟು. ತೂತು ಬಿದ್ದಿದೆ ಅಂತ ಹೇಳು, ಎಂದಳು ಅವಳು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, ಹೇಳಿದೆ, ಈಗ ನಾವು ದಕ್ಷಿಣಕ್ಕೆ, ಎದುರಿಂದ ಲಾರಿಗಳು ಬರುತ್ತಲೇ ಇವೆ, ಹಿಂದೆ ಗುಡ್ಡಗಳಲ್ಲಿ ಮೊದಲ ಫಿರಂಗಿಯೋ, ಅಥವಾ ಮೇ ತಿಂಗಳ ಗುಡುಗೋ, ಕ್ಯಾಂಪಿಗೆ ಇಪ್ಪತ್ತು ನಿಮಿಷ, ಇವಳಿಗೊಂದು ಡೇರೆ, ಒಂದು ಕಂಬಳಿ ಕೇಳಬೇಕು, ಶಾಲೆಯಲ್ಲಿ ನನ್ನ ಕೆಲಸ ಇನ್ನೂ ಇದೆಯೋ ಏನೋ ಕೇಳಬೇಕು, ಬೆರ್ಹೆಯವರಿಗೆ ಒಂದು ಕಾಗದ ಬರೆಯಬೇಕು, ಏನೆಂದು, ನಿಮ್ಮ ಸಾಕ್ಷಿಯನ್ನು ಮನೆ ತಲುಪಿಸಿದೆ ಎಂದೇ, ಹನ್ನೊಂದು ದಿನ ಆ ಹೋಟೆಲಿನಲ್ಲಿ ಕೂತ ನಾವೆಲ್ಲರೂ — ಕಳ್ಳಿಯ ಪಕ್ಕ ದೊಡ್ಡದೊಂದು, ಚಿಕ್ಕದೊಂದು — ಯಾವ ಭಾಷೆಗೆ ಹೇಗೆ, ಇಲ್ಲ, ಡೇರೆ, ಕಂಬಳಿ, ಮೊದಲು ಕ್ಯಾಂಪಿನ ಅಧಿಕಾರಿಯನ್ನು ಕಂಡು, ಆಮೇಲೆ — ದೊಡ್ಡದೊಂದು, ಪಕ್ಕದಲ್ಲಿ ಚಿಕ್ಕದೊಂದು — ಆಮೇಲೆ — ಬಿಸಿಲಿನಲ್ಲಿ ಕಲ್ಲುಗೋಡೆ, ಅದರ ಮೇಲೆ ಆ ಚಿಕ್ಕದು, ಹಳದಿ.