ಬಾಗಿಲಿಗೆ ಅಂಟಿಸಿದ ನೋಟೀಸು

ನನ್ನ ತಮ್ಮ ಚಿಕ್ಕಮಾದು ಬರ್ಮಾದ ಯುದ್ಧದಲ್ಲಿ ತೀರಿಕೊಂಡ ಸುದ್ದಿ ನಮಗೆ ತಿಳಿದ ದಿನ, ಅದು ಬೆಳಗಿನಿಂದಲೂ ಅವನ ಮನೆಯ ಬಾಗಿಲಲ್ಲೇ ಇತ್ತು.

ಕಚೇರಿಯ ಜವಾನ ಬಂದು, "ನೋಟೀಸು ಬಂದದೆ, ತಕ್ಕಳ್ಳಿ" ಎಂದು ಕೂಗಿದನಂತೆ. ರಾವಂದೂರಿನ ನಮಗೆ ನೋಟೀಸೆಂದರೆ ಜಮೀನಿನ ವ್ಯಾಜ್ಯ. ಕೈಯಲ್ಲಿ ಮುಟ್ಟಿದರೆ ಅದರಲ್ಲಿದ್ದುದನ್ನು ಒಪ್ಪಿಕೊಂಡಂತೆ ಎಂದು ಎಲ್ಲರೂ ನಂಬಿದ್ದರು. ತಮ್ಮನ ಹೆಂಡತಿ ಪುಟ್ಟಸಿದ್ದಮ್ಮ ಅಗಣಿ ಹಾಕಿಕೊಂಡು ಒಳಗೇ ಕುಳಿತಳು. ಜವಾನ ಅದನ್ನು ಬಾಗಿಲಿಗೆ ಅಂಟಿಸಿ ಹೋದ.

ಮಧ್ಯಾಹ್ನ ನಾನು ಹೋದಾಗ ಅವಳು ಕಿಟಕಿಯಿಂದಲೇ ಮಾತಾಡಿದಳು.

"ಗೊತ್ತು ಬುಡಿ ಬಾವ. ಅವರು ದಂಡಲ್ಲಿರೋ ಒತ್ತು ನೋಡ್ಕೊಂಡು ಒಲಕ್ಕೆ ನೋಟೀಸು ಕೊಡ್ಸಿದ್ದೀರಿ. ಈಗ ಏನೂ ತಿಳೀದೋರಂಗೆ ಬಂದಿದ್ದೀರಿ."

"ಮಾದಪ್ಪನಾಣೆ ನಾನಲ್ಲ ಕಣವ್ವ."

"ಅಂಗಾದ್ರೆ ಗಟ್ಟಿಯಾಗಿ ಓದಿ. ನಿಮ್ಮೆಸ್ರು ಬತ್ತದೋ ಇಲ್ವೋ ಕೇಳೇಬುಡ್ತೀನಿ."

ಒಡಹುಟ್ಟಿದವನ ಹೊಲಕ್ಕೆ ಕಣ್ಣು ಹಾಕುವವನೆಂದು ನನ್ನನ್ನು ಅವಳು ಎಣಿಸಿದ್ದಳಲ್ಲ ಎಂಬ ಸಿಟ್ಟಿನಲ್ಲೇ ಓದತೊಡಗಿದೆ. ಮೊದಲು ತಮ್ಮನ ಹೆಸರು ಬಂತು. ಮುಂದಿನ ಸಾಲನ್ನು ಕಣ್ಣಲ್ಲೇ ಓದಿಕೊಂಡೆ.

"ನೋಡಿದ್ರಾ, ನಿಲ್ಸೇಬುಟ್ರಿ! ಬಂತಾ ನಿಮ್ಮೆಸ್ರು?"

"ಇಲ್ಲ ಕಣವ್ವ. ಇದು ದಂಡಿನಿಂದ ಬಂದದೆ. ನಮ್ಮ ಚಿಕ್ಕಮಾದು ಇನ್ನಿಲ್ಲ."

ಅಗಣಿ ಸರಿಯಿತು. ಹಣೆಯ ಕುಂಕುಮ ಹಾಗೇ ಇತ್ತು. ಕಾಗದದ ಕಡೆ ನೋಡದೆ ಅವಳು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ನಾನಿದ ಮುಟ್ಟಾಕಿಲ್ಲ ಬಾವ. ಮುಟ್ಟಾಕಿಲ್ಲ."

ಕೊನೆಗೆ ನಾನೇ ಮುಟ್ಟಿ ಬಿಡಿಸಿಕೊಂಡೆ. ಮಾದಪ್ಪ, ಪರದೇಶದ ಮಣ್ಣಿನಲ್ಲಿ ಮಲಗಿರುವ ನನ್ನ ತಮ್ಮನನ್ನು ನಿನ್ನ ಪಾದದಲ್ಲಿ ಇರಿಸಿಕೊಂಡು ಅವನಿಗೆ ಶಾಂತಿ ಕೊಡಪ್ಪ.