ಆಂಪಿನ ಮೇಲಿನ ಬೊಟ್ಟು

ಗಾರ್ಗಿ ಸೋಫಾದ ತುದಿಗೆ ಜರುಗಿ ಬಾಸ್ ಗಿಟಾರಿನ ದಪ್ಪ ತಂತಿಯನ್ನು ಎಳೆದು ಬಿಟ್ಟಳು. ಅಡುಗೆಮನೆಯಲ್ಲಿ ಕವುಚಿಟ್ಟಿದ್ದ ಸ್ಟೀಲ್ ಲೋಟಗಳು ಝಿಣಿಝಿಣಿ ಎಂದವು. ನೆನೆಹಾಕಿದ ಅವರೆಕಾಳು ಹಿಚುಕುತ್ತಿದ್ದ ಮರಿತಾಯಮ್ಮ ಕೈ ನಿಲ್ಲಿಸಿ ನೋಡಿದಳು.

"ಬೊಟ್ಟು ದಾಟಿದ್ರಿ ಗಾರ್ಗಿ," ಎಂದು ಜಗನ್ ನಕ್ಕ. ನೆಲದ ಮೇಲೆ ಕೂತಿದ್ದವನು ಬಾಗಿ, ಸದ್ದು ಹಿಗ್ಗಿಸುವ ಆಂಪಿನ ತಿರುಪು ಹಿಂದಕ್ಕೆ ತಿರುಗಿಸಿದ. "ಇದು ಗಿಟಾರಿಗೆ ಅಂತ ಮಾಡಿರೋ ಪುಟ್ಟ ಆಂಪು. ಬಾಸ್ ಗಿಟಾರಿನ ಕೆಳಗಿನ ಸ್ವರಕ್ಕೆ ಒಳಗಿನ ಸ್ಪೀಕರ್ ಕಾಗದ ಜಾಸ್ತಿ ಅಲ್ಲಾಡುತ್ತೆ, ಹರಿದೇ ಹೋಗುತ್ತೆ. ವಾಲ್ಯೂಮು, ಬಾಸು ಎರಡು ತಿರುಪೂ ಬೊಟ್ಟಿನ ಒಳಗಿರ್ಲಿ. ಪಟಪಟ ಅಂದ ತಕ್ಷಣ ನಿಲ್ಲಿಸಿಬಿಡಿ."

"ಸರಿ ಮೇಷ್ಟ್ರೇ. ಎಷ್ಟು ಸಲ ಹೇಳ್ತೀರ?"

"ನೀವು ಕಲಿಯೋ ತನಕ."

ಎಷ್ಟು ಸಲವಾದರೂ ಹೇಳುತ್ತಾನೆ, ಮರಿತಾಯಮ್ಮ ಅಂದುಕೊಂಡಳು. ಅಮೆರಿಕಕ್ಕೆ ಬಂದ ಹೊಸದರಲ್ಲಿ ತನಗೆ ಕಾರು ಕಲಿಸುತ್ತೇನೆಂದು ಕ್ಯಾಂಪ್‌ಬೆಲ್‌ನ ಖಾಲಿ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗಿದ್ದ. ಎರಡನೇ ದಿನ ಬ್ರೇಕ್ ಬದಲು ಇನ್ನೊಂದನ್ನು ತುಳಿದದ್ದಕ್ಕೆ ಕೀಲಿ ಕಿತ್ತುಕೊಂಡು, "ನಿನ್ ಕೈಲಿ ಆಗಲ್ಲ ಬಿಡು" ಎಂದಿದ್ದ. ಮೂರನೇ ದಿನ ಬರಲೇ ಇಲ್ಲ.

ಜಗನ್ ಅವಳ ತಾಯಿಯ ತಮ್ಮ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದವಳನ್ನು ಅಕ್ಕನ ಮಾತು ಮೀರಲಾಗದೆ ಮದುವೆಯಾಗಿ ಅಮೆರಿಕಕ್ಕೆ ಕರೆತಂದಿದ್ದ. ಅವಳದು ಅಜ್ಜಿಯ ಹೆಸರು, ಅಂದರೆ ಅವನ ತಾಯಿಯದು. ಅದನ್ನು ಬಾಯಿ ತುಂಬ ಕರೆಯಲಾರದೆ 'ಮರಿ' ಎನ್ನುತ್ತಿದ್ದ. ವಾರವಿಡೀ ಆಫೀಸು, ಎರಡು ಸಾವಿರನೇ ಇಸವಿ ಬರುವುದರೊಳಗೆ ಕಂಪ್ಯೂಟರುಗಳ ತಾರೀಖು ಸರಿಮಾಡಬೇಕಂತೆ. ಇದ್ದದ್ದು ಶನಿವಾರ ಒಂದು. ಅದನ್ನೂ ಈಗ ಕನ್ನಡ ಸಂಘದ ರಾಜ್ಯೋತ್ಸವದ ಬ್ಯಾಂಡು ನುಂಗಿತ್ತು. ಬ್ಯಾಂಡೆಂದರೆ ಇವನ ಗಿಟಾರು, ಸಂಘದ ಗಾರ್ಗಿಯ ಬಾಸು. ಗಾರ್ಗಿಗೆ ಆಂಪಿರಲಿಲ್ಲ. ಬಾಸನ್ನೂ ಇಲ್ಲೇ ಸೋಫಾದ ಹಿಂದೆ ಇಟ್ಟು ಹೋಗುತ್ತಿದ್ದಳು.

ಆಯುಧಪೂಜೆಯ ದಿನ ಜಗನ್ ಕಾರಿಗೆ, ಕಂಪ್ಯೂಟರಿಗೆ ಕುಂಕುಮವಿಟ್ಟು ಕೊನೆಗೆ ಆಂಪಿನ ಮುಂದೆ ಕೂತಿದ್ದ. ಎಲ್ಲಿಯವರೆಗೆ ತಿರುಗಿಸಿದರೆ ಕೇಡಿಲ್ಲವೋ ಅಲ್ಲಿ, ಎರಡು ತಿರುಪಿನ ಪಕ್ಕದಲ್ಲೂ ಒಂದೊಂದು ಬೊಟ್ಟಿಟ್ಟು, "ಪೂಜೆನೂ ಆಯ್ತು, ಗುರುತೂ ಆಯ್ತು" ಎಂದಿದ್ದ.

ಗುರುವಾರ ಮಧ್ಯಾಹ್ನ ಮರಿತಾಯಮ್ಮ ಆಂಪನ್ನು ಬೆನ್ನ ಮೇಲೆ ಮಲಗಿಸಿದಳು. ಅವರು ಚುಚ್ಚುವುದನ್ನು ನೋಡಿದ್ದಂತೆಯೇ ವೈರು ಚುಚ್ಚಿದಳು. ಸ್ಪೀಕರಿನ ಮೇಲಿನ ಕಪ್ಪು ಬಟ್ಟೆಗೆ ಒಂದು ಚಿಟಿಕೆ ಸಾಸಿವೆ ಉದುರಿಸಿ, ಬಾಸನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಎಳೆದಳು. ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಬಂತು. ತಿರುಪು ಬೊಟ್ಟಿನೊಳಗಿದ್ದಾಗ ಸಾಸಿವೆ ಕೂತಲ್ಲೇ ನಡುಗಿತು. ಆಚೆ ತಿರುಗಿಸಿದಳು, ಕಾಳು ಜಿಗಿಯತೊಡಗಿದವು. ಇನ್ನಷ್ಟು ತಿರುಗಿಸಿದಾಗ ಬಟ್ಟೆಯ ಕೆಳಗೆ ಹರಕು ಮೊರ ಬಡಿದಂತೆ ಸದ್ದಾಗಿ, ಸಾಸಿವೆಯೆಲ್ಲ ಕಾರ್ಪೆಟ್ಟಿಗೆ ಚದುರಿತು. ಅವಳು ಥಟ್ಟನೆ ತಂತಿಯನ್ನು ಅಂಗೈಯಿಂದ ಮುಚ್ಚಿದಳು.

ಸಾಸಿವೆ ಆಯುತ್ತ ಕೂತಾಗ ಆ ಸದ್ದನ್ನೇ ನೆನೆಯುತ್ತಿದ್ದಳು. ಇದು ಹರಿದರೆ ಮುಗಿಯಿತು. ಶನಿವಾರ ಮತ್ತೆ ಶನಿವಾರವಾಗುತ್ತದೆ.

ಶನಿವಾರ ಬೆಳಗ್ಗೆ ದೂಳು ಒರೆಸುವಾಗ ಎರಡೂ ಬೊಟ್ಟನ್ನು ಒದ್ದೆ ಬಟ್ಟೆಯಿಂದ ತೆಗೆದಳು. ದೇವರ ಗೂಡಿನಿಂದ ಕುಂಕುಮ ತಂದು, ಹರಕು ಮೊರದ ಸದ್ದು ಬಂದ ಜಾಗದಲ್ಲಿ ಹೊಸದಾಗಿ ಇಟ್ಟಳು. 

ಗಾರ್ಗಿ ಹನ್ನೊಂದಕ್ಕೆ ಬಂದಳು. "ವಗ್ಗರಣೆ ಘಮ ಪಾರ್ಕಿಂಗ್ ತನಕ ಬರ್ತಿದೆ ಕಣ್ರೀ! ನಿಮ್ಮನ್ನ ನಮ್ಮನೆಗೆ ಕದ್ಕೊಂಡು ಹೋಗ್ಬೇಕು," ಎಂದು ಮರಿತಾಯಮ್ಮನ ಭುಜ ತಟ್ಟಿ ಒಳಗೆ ಹೋದಳು. ವೈರು ಚುಚ್ಚಿ, ತಿರುಪುಗಳನ್ನು ಒಂದೊಂದಾಗಿ ಬೊಟ್ಟಿನವರೆಗೆ ತಂದು ನಿಲ್ಲಿಸಿದಳು. ಬಾಗಿ ಇನ್ನೊಮ್ಮೆ ನೋಡಿಕೊಂಡಳು ಕೂಡ. ಜಗನ್ ಬೆನ್ನು ತಿರುಗಿಸಿ ತನ್ನ ಗಿಟಾರು ಶ್ರುತಿ ಮಾಡಿಕೊಳ್ಳುತ್ತಿದ್ದ.

"ಜಗನ್, ನಮ್ಮ ಭಾವ ದೊಡ್ಡ ಬಾಸ್ ಆಂಪ್ ತಂದಿದ್ದಾರೆ. ಗ್ಯಾರೇಜಲ್ಲಿ ಸುಮ್ನೆ ಕೂತಿದೆ. ಕ್ಯುಪರ್ಟಿನೋಗೆ, ನಮ್ಮನೆಗೇ ಬಂದ್ಬಿಡಿ. ರಾಜ್ಯೋತ್ಸವ ಆದ್ಮೇಲೂ ನುಡಿಸ್ತಾ ಇರೋಣ."

"ಇದು ನಡೀತಿರೋವಾಗ ಅಷ್ಟು ದೂರ ಯಾಕೆ? ಇದು ಕೈಕೊಟ್ರೆ ಬರ್ತೀನಿ ಬಿಡಿ."

ಬಾಣಲೆಯಲ್ಲಿ ಕರಿಬೇವು ಚಟಗುಟ್ಟುತ್ತಿತ್ತು. ಮರಿತಾಯಮ್ಮನಿಗೆ ಕಾಣದ ಗ್ಯಾರೇಜೊಂದು ಕಂಡಿತು. ಬಾಗಿಲು ಮುಚ್ಚಿತ್ತು. ಒಳಗೆ ಇಬ್ಬರೇ. ಅಲ್ಲಿ ಲೋಟಗಳಿಲ್ಲ, ಅಡುಗೆಮನೆಯಿಂದ ನೋಡುವ ಕಣ್ಣಿಲ್ಲ. ಕಾರು ಬಾರದವಳು ಕ್ಯುಪರ್ಟಿನೋದವರೆಗೆ ಹೋಗುವುದು ಹೇಗೆ?

ಗಾರ್ಗಿ ತಂತಿ ಎಳೆದಳು. ಲೋಟವೊಂದು ಉರುಳಿತು. ಅದರ ಹಿಂದೆಯೇ ಆ ಹರಕು ಮೊರದ ಸದ್ದು.

"ಓಹೋ, ಇವತ್ತು ಬಾಸು ಒಳ್ಳೆ ಮೂಡಲ್ಲಿದೆ," ಎಂದ ಜಗನ್ ತಿರುಗದೆಯೇ. ಗಾರ್ಗಿ ಮತ್ತೆ ಬೆರಳೆತ್ತಿದಳು.

"ಬ್ಯಾಡ!"

ಸೌಟು ಹಿಡಿದೇ ಬಂದ ಮರಿತಾಯಮ್ಮ ಅವರಿಬ್ಬರ ನಡುವೆ ಕುಕ್ಕರಗಾಲಲ್ಲಿ ಕೂತು ಎರಡೂ ತಿರುಪನ್ನು ಹಿಂದಕ್ಕೆ ತಿರುಗಿಸಿದಳು.

"ಹರಿದೋಯ್ತದೆ."

"ಬೊಟ್ಟಿನ ಹತ್ರಾನೇ ನಿಲ್ಸಿದ್ನಲ್ಲ?" ಗಾರ್ಗಿ ಗಾಬರಿಯಾದಳು.

"ಬೊಟ್ಟು ನಾನಿಟ್ಟಿದ್ದು. ವರೆಸೋವಾಗ ಅಳ್ಸೋಯ್ತು. ಅತ್ಲಾಗೆ ಇಟ್ಬುಟ್ಟೆ."

ಜಗನ್ ಬಾಗಿ ನೋಡಿದ. "ಎರಡೂ ಅಳಿಸಿಹೋಯ್ತಾ ಮರಿ?"

"ಎರಡೂವೆ ಮಾವ."

ಅವನು ಅವಳ ಮುಖವನ್ನು ನೋಡಿದ. ತುಂಬ ದಿನದ ಮೇಲೆ, ಅಷ್ಟು ಹೊತ್ತು. ಅವಳು ಸೌಟಿನಿಂದ ತೊಟ್ಟಿಕ್ಕುತ್ತಿದ್ದ ಎಣ್ಣೆಗೆ ಅಂಗೈ ಒಡ್ಡಿದಳು.

"ಹಾಗಾದ್ರೆ ಸರಿಯಾದ ಜಾಗ ಎಲ್ಲಿ ಅಂತ ಹೇಗೆ ಗೊತ್ತಾಗೋದು? ಕ್ಯುಪರ್ಟಿನೋಗೇ—" ಎಂದು ಗಾರ್ಗಿ ಶುರುಮಾಡಿದಳು.

"ನಂಗೊತ್ತು."

ಮರಿತಾಯಮ್ಮ ಎದ್ದು ಒಲೆ ಆರಿಸಿ ಸಾಸಿವೆ ಡಬ್ಬಿ ತಂದಳು. ಆಂಪನ್ನು ಬೆನ್ನ ಮೇಲೆ ಮಲಗಿಸಿ, ಕಪ್ಪು ಬಟ್ಟೆಗೆ ಚಿಟಿಕೆ ಸಾಸಿವೆ ಉದುರಿಸಿದಳು. ತಪ್ಪು ಬೊಟ್ಟುಗಳನ್ನು ಹೆಬ್ಬೆರಳಿನಿಂದ ಒರೆಸಿದಳು. "ಈಗ ನುಡಿಸಿ," ಎಂದಳು.

ಗಾರ್ಗಿ ಜಗನ್‌ನ ಕಡೆ ನೋಡಿದಳು. ಅವನ ಕಣ್ಣು ಸಾಸಿವೆಯ ಮೇಲಿತ್ತು. ಅವಳು ದಪ್ಪ ತಂತಿ ಎಳೆದಳು. ಮರಿತಾಯಮ್ಮ, ಹೆಬ್ಬೆರಳು ಇನ್ನೂ ಕೆಂಪಗಿರುವಂತೆಯೇ, ತಿರುಪನ್ನು ಕೂದಲೆಳೆಯಷ್ಟು ಮುಂದಕ್ಕೆ ಒಯ್ದು ಬಿಟ್ಟಳು. ಮೂವರೂ ಬಾಗಿ ನೋಡುತ್ತಿದ್ದರು. ಸಾಸಿವೆ ಇದ್ದಲ್ಲೇ ನಡುಗಿತು, ಒಂದು ಕಾಳೂ ಅಂಚು ದಾಟಲಿಲ್ಲ.