ದೊಡ್ಡಪ್ಪನ ಆಕಾಶಲೆಕ್ಕ

ಯಾವ ಊರಿನ ಹೆಸರೆತ್ತಿದರೂ ನಮ್ಮ ದೊಡ್ಡಪ್ಪ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಹೋಗೋದಾ, ಬರೋದಾ?" ದೂರ ಎರಡಕ್ಕೂ ಒಂದೇ ಅಲ್ಲವೇ ಎಂದು ಎದುರಿನವರು ಬಾಯಿ ತೆರೆಯುವಷ್ಟರಲ್ಲಿ, ಗಾಳಿ ಎದುರಾದರೆ ಇಷ್ಟು ನಿಮಿಷ, ಹಿಂದಿನಿಂದ ಬೀಸಿದರೆ ಇಷ್ಟು ನಿಮಿಷ ಎಂದು ಎರಡು ಉತ್ತರ ಒಪ್ಪಿಸಿ, ಕಂದು ಕೋಟಿನ ಮೇಲ್ಗುಂಡಿಯನ್ನು ಸರಿಪಡಿಸಿಕೊಂಡು ಬೀಗುತ್ತಿದ್ದರು. ವಿಮಾನದ ಟಿಕೆಟ್ ಮಾರುವ ಕಚೇರಿಯ ಮೂರನೆಯ ಕಿಟಕಿಯಲ್ಲಿ ಇಪ್ಪತ್ತೆಂಟು ವರ್ಷ ಕೂತು ಲೋಕಕ್ಕೆಲ್ಲ ರೆಕ್ಕೆ ಕಟ್ಟಿಕೊಟ್ಟ ಈ ಮಹಾನುಭಾವರು ಕಳೆದ ವರ್ಷದವರೆಗೆ ಸ್ವತಃ ಒಮ್ಮೆಯೂ ವಿಮಾನ ಹತ್ತಿದವರಲ್ಲ. ನಡಿಗೆಯೋ, ಹೆಜ್ಜೆ ಎಣಿಸಿ ಇಡುವಂಥದ್ದು. ಕಣ್ಣೆದುರೇ ಬಸ್ಸು ಹೊರಟರೂ ಓಡಿದವರಲ್ಲ.

ಟಿಕೆಟ್ಟಿನಲ್ಲಿ ಮುದ್ರಿಸಿದ ಪ್ರಯಾಣದ ಅವಧಿಯೆಂದರೆ ಅವರಿಗೆ ತಾತ್ಸಾರ. "ಅದು ಅಂಜುಬುರುಕರ ಲೆಕ್ಕ ಕಣೋ," ಎನ್ನುತ್ತಿದ್ದರು. ಗೋಡೆಯ ಭೂಪಟವನ್ನು ಅಳೆದು, ವೇಗದಿಂದ ಭಾಗಿಸಿ, ಗಾಳಿಯನ್ನು ಕೂಡಿಸಿ ಕಳೆದು ತಾವು ತೆಗೆದದ್ದೇ ಪರಮಸತ್ಯ.

ಕಳೆದ ವರ್ಷ ಆ ಸತ್ಯಕ್ಕೆ ಪರೀಕ್ಷೆ ಬಂತು. ದೊಡ್ಡಮ್ಮ ಹಾಸಿಗೆ ಹಿಡಿದಂದಿನಿಂದ ಊರು ಬಿಟ್ಟು ಕದಲದ ದೊಡ್ಡಪ್ಪ ತಮ್ಮ ತಂಗಿಯ, ಎಂದರೆ ನನ್ನ ಅತ್ತೆಯ, ಮುಖ ಕಂಡು ಹನ್ನೊಂದು ವರ್ಷವಾಗಿತ್ತು. ಈಗ ತಾವಿದ್ದ ಊರನ್ನೂ ಬಿಟ್ಟು ಇನ್ನೂ ದೂರದ ಊರಿಗೆ ಸಂಸಾರ ಸಮೇತ ಹೊರಟಿದ್ದ ಅತ್ತೆ, ದಾರಿಯಲ್ಲಿ ನಮ್ಮಿಂದ ಸಾವಿರದ ನೂರು ಕಿಲೋಮೀಟರ್ ಆಚೆಯ ನಗರದಲ್ಲಿ ವಿಮಾನ ಬದಲಿಸುವವರಿದ್ದರು. ಹನ್ನೊಂದು ಇಪ್ಪತ್ತಕ್ಕೆ ಅವರು ಮುಂದಿನ ವಿಮಾನ ಹತ್ತುವ ಬಾಗಿಲು ಮುಚ್ಚುತ್ತದೆ. ಅಲ್ಲೇ ಹೋಗಿ ಅವರನ್ನು ಕಾಣಲು ಬೆಳಗಿನ ಆರರ ವಿಮಾನ ಹಿಡಿಯೋಣವೆಂದು ನಾನೆಂದರೆ ದೊಡ್ಡಪ್ಪ ಒಪ್ಪಲಿಲ್ಲ. ಏಳಕ್ಕೆ ದೊಡ್ಡಮ್ಮನಿಗೆ ತಮ್ಮ ಕೈಯಾರೆ ಔಷಧ ಕುಡಿಸಬೇಕು.

"ಒಂಬತ್ತರದ್ದು ಧಾರಾಳ ಆಯ್ತು. ಒಂದು ಗಂಟೆ ಮೂವತ್ತೈದು ನಿಮಿಷ, ಅಷ್ಟೆ. ಮುಕ್ಕಾಲು ಗಂಟೆ ತಂಗಿ ಹತ್ರ ಕೂತ್ಕೋಬಹುದು!"

ನನ್ನ ಹೆಂಡತಿಯನ್ನು ದೊಡ್ಡಮ್ಮನ ಬಳಿ ಬಿಟ್ಟು ನಾವಿಬ್ಬರೂ ಹೊರಟೆವು. ವಿಮಾನ ಮೇಲೇರುವ ಸರದಿಗೆ ಕಾದು ಕಾಲು ಗಂಟೆ ನಿಂತೇ ಇತ್ತು. ಚಕ್ರ ನೆಲ ಬಿಟ್ಟಾಗ ದೊಡ್ಡಪ್ಪ ನನ್ನ ತೋಳು ಹಿಡಿದು "ಈಗ ನೋಡು!" ಎಂದರು. ಸರಿಯಾಗಿ ತೊಂಬತ್ತೈದನೆಯ ನಿಮಿಷಕ್ಕೆ ಅದು ನೆಲ ಮುಟ್ಟಿದಾಗ, ಸುತ್ತಲಿನವರು ತಿರುಗಿ ನೋಡುವಂತೆ ಚಪ್ಪಾಳೆ ತಟ್ಟಿದರು! ಆಮೇಲೆ ವಿಮಾನ ತೆವಳಿತು, ನಿಂತಿತು. ಏಣಿ ಬರಲಿಲ್ಲ, ಏಣಿ ಬಂದರೆ ಬಸ್ಸು ಬರಲಿಲ್ಲ. ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು.

"ಆಕಾಶದ ಲೆಕ್ಕ ಸರಿ ಇತ್ತು ಕಣೋ. ನೆಲದ್ದು ಹಿಡೀಲೇ ಇಲ್ವಲ್ಲೋ ನಾನು!"

ಕಟ್ಟಡದೊಳಗೆ ಕಾಲಿಟ್ಟಾಗ ಹನ್ನೊಂದು ಹತ್ತು. ಆಗ ದೊಡ್ಡಪ್ಪ ಓಡಿದರು! ಕೋಟಿನ ಗುಂಡಿಗಳನ್ನೆಲ್ಲ ಕಿತ್ತೆಸೆಯುವಂತೆ ಬಿಚ್ಚಿ, ಪೆಟ್ಟಿಗೆಗಳನ್ನು ಹಾರಿ, "ದಾರಿ ಬಿಡಿ, ನನ್ನ ತಂಗಿ!" ಎಂದು ಕಂಡಕಂಡವರಿಗೆ ಕೂಗುತ್ತ, ಅರವತ್ತರ ಆ ಮನುಷ್ಯ ಓಡಿದ ಓಟಕ್ಕೆ ನಾನು ಹಿಂದೆ ಬಿದ್ದೆ, ನನಗೆ ಭಯ, ನಗು, ಹೆಮ್ಮೆ ಎಲ್ಲ ಒಟ್ಟಿಗೇ ಉಕ್ಕಿದವು. ಕೊನೆಯ ಬಾಗಿಲ ಮುಂದೆ ಅತ್ತೆ ಕಣ್ಣರಳಿಸಿ ನಿಂತಿದ್ದರು.

"ಅಣ್ಣಾ, ನಿನಗೆ ಓಡೋಕೂ ಬರುತ್ತಾ!" ಎಂದು ನಗುತ್ತಲೇ ಅತ್ತುಬಿಟ್ಟರು.

ಸಿಕ್ಕಿದ್ದು ನಾಲ್ಕು ನಿಮಿಷ. ಅಷ್ಟರಲ್ಲೇ ಬಾಗಿಲಿನಾಕೆ ಎರಡು ಸಲ ಕರೆದಳು. "ಇನ್ನೆಷ್ಟು ಹೊತ್ತಿದೆ ಅಣ್ಣ?" ಎಂದರು ಅತ್ತೆ. ತಂಗಿಯ ಮುಖದಿಂದ ಕಣ್ಣು ಕೀಳದೆ ದೊಡ್ಡಪ್ಪ ಹೇಳಿದರು, "ಬೇಕಾದಷ್ಟಿದೆಯಮ್ಮ."

ಇಂಥವರನ್ನು ಲೆಕ್ಕದ ಹುಚ್ಚರೆಂದು ನಾವು ನಗುತ್ತೇವೆ. ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಹೋಗಲಾಗದ ಊರುಗಳ ದೂರವನ್ನು ನಿಮಿಷ ನಿಮಿಷವಾಗಿ ಬಾಯಿಪಾಠ ಮಾಡಿಕೊಂಡು ಬದುಕುವ ಇವರು, ಅಂಥ ಯಾವುದೋ ಒಂದು ಊರಿನಲ್ಲಿ ತಮ್ಮವರೊಬ್ಬರಿದ್ದಾರೆಂದು ಮಾತ್ರ ಯಾರಿಗೂ ಹೇಳುವುದಿಲ್ಲ.